ರೆಸ್ಟಲ್ಲಿರುವವರನ್ನು ನೋಡಲು ಹೋಗುವುದು

ಗುಬ್ಬಿಯಿಂದ ಗೆಳೆಯನ ಮೆಸೇಜು: "ಬೆನ್ನು ಹಿಡ್ಕೊಂಡಿದೆ. ಡಾಕ್ಟ್ರು ರೆಸ್ಟ್ ಮಾಡು ಅಂದವ್ರೆ. ರೆಸ್ಟಲ್ಲಿದೀನಿ." ಒಂದೇ ಪದ ಮೊದಲು ಅಪ್ಪಣೆ, ಮರುಕ್ಷಣ ಅವಸ್ಥೆ. ಇವೆರಡರ ನಡುವಿನ ದೂರ ಎಷ್ಟೆಂದು ನಾನು ಕಂಡದ್ದು ಕುಣಿಗಲ್ಲಿನ ಅಕ್ಕನ ಮನೆಯಲ್ಲಿ.

ಅಕ್ಕ ಆಗ ಬಸುರಿ, ತುಂಬಾ ಎಚ್ಚರದಿಂದ ಇರಬೇಕಾಗಿದ್ದ ಬಸುರಿ. ಹಿಂದಿನ ಸಲ ಮಗು ಉಳಿದಿರಲಿಲ್ಲ. ಮಂಚದಿಂದ ಇಳಿಯಲೇಬಾರದು ಎಂದಿದ್ದರು ಡಾಕ್ಟರು. ಭಾವ ಡ್ಯೂಟಿಗೆ ಹೋದಾಗ ಜೊತೆಗಿರಲು ತುಮಕೂರಿನಿಂದ ನನ್ನನ್ನು ಕರೆಸಿದರು. ಎಂ.ಎ. ಮುಗಿಸಿ ಕೆಲಸವಿಲ್ಲದೆ ಕೂತಿದ್ದ ನನಗಿಂತ ರೆಸ್ಟಿನಲ್ಲಿ ಪಳಗಿದವರು ಮನೆಯಲ್ಲಿ ಯಾರಿದ್ದರು ಹೇಳಿ?

"ರೆಸ್ಟಲ್ಲವ್ಳಂತೆ" ಎಂಬ ಸುದ್ದಿ ಹಬ್ಬಿತು. ನಮ್ಮ ಕಡೆ ಮಲಗಿದವರನ್ನು ನೋಡಿ ಬರದಿದ್ದರೆ ತಪ್ಪು. ಬಂದವರಿಗೆ ಕಾಫಿ ಕೊಡದಿದ್ದರೆ ಇನ್ನೂ ದೊಡ್ಡ ತಪ್ಪು. ಅಮೃತೂರು ಬಸ್ಸಿನಿಂದ ನೆಂಟರು ಬ್ರೆಡ್ಡು, ಮೂಸಂಬಿ ಹಿಡಿದು ಇಳಿದರು. ನಾನು ಮಾಡಿದ ಕಾಫಿಯನ್ನು ಅತ್ತೆಯೊಬ್ಬರು ಒಂದೇ ಗುಟುಕಿಗೆ ಕೆಳಗಿಟ್ಟರು. ಬೇರೆ ಕಾಫಿ ಮಾಡಲು ಅಕ್ಕ ಎದ್ದೇಬಿಟ್ಟಳು, ನಾನು ಅಡ್ಡ ನಿಂತೆ. "ಅಡುಗೆಮನೆ ಏನು ಬೆಂಗ್ಳೂರಲ್ಲೈತೇನೋ? ಬುಡು ನನ್ನ."

ಸಂಜೆ ಅವಳಿಗೆ ನೋವು ಕಾಣಿಸಿಕೊಂಡಿತು. ಆಸ್ಪತ್ರೆಗೆ ಹೋಗಿ, ಬೈಸಿಕೊಂಡು ಬಂದೆವು.

ಮರುದಿನ ಎದುರುಮನೆಯ ಷಂಷಾದ್ ಆಂಟಿ ನಮ್ಮ ಗೇಟಿನ ಬಳಿಯೇ ಕುರ್ಚಿ ಹಾಕಿ ಕೂತರು.

"ಒಳಗೇನೈತಮ್ಮ ನೋಡಕ್ಕೆ, ಎಕ್ಸಿಬಿಷನ್ನಾ? ಬನ್ನಿ, ನಮ್ಮನೇಲಿ ಚಾ ಕುಡೀರಿ."

"ನಾವು ಬಂದಿದ್ದು ಅವಳಿಗೆ ಗೊತ್ತಾಗೋದು ಬ್ಯಾಡ್ವಾ?" ಅಂದು ಬಂದಿದ್ದ ಅತ್ತೆಯೊಬ್ಬರು ಬಿಡಲಿಲ್ಲ.

"ನಾನ್ ಹೇಳ್ತೀನಿ. ಹೆಸ್ರು ಸಮೇತ!"

ಸಂಜೆ ಅಕ್ಕನ ಕಿಟಕಿಯಾಚೆ ನಿಂತು ಆಂಟಿ, ಬಂದು ಹೋದ ಒಬ್ಬೊಬ್ಬರ ಹೆಸರನ್ನೂ ಕೂಗುತ್ತಿದ್ದರು. ಅಕ್ಕನಿಗೆ ನಗು, ಅದರ ಬೆನ್ನಿಗೇ ಅಳು. "ನೆಂಟ್ರು ಏನಂದ್ಕೋತಾರೆ ಆಂಟಿ?"

"ಅಂದ್ಕೊಂಡ್ರೆ ನನ್ನ ಅಂದ್ಕೊಳ್ಲಿ. ನಾನೇನು ಅವ್ರಿಗೆ ನೆಂಟ್ಳಾ? ಮಲಗೇ ಸುಮ್ಕೆ."

ಈ ಮಾತು ಆಂಟಿಯದೋ, ವರ್ಷಗಳಲ್ಲಿ ನಾನೇ ತಿದ್ದಿ ಅವರ ಬಾಯಿಗೆ ಇಟ್ಟದ್ದೋ, ಆಣೆ ಮಾಡಿ ಹೇಳಲಾರೆ. ಕುರ್ಚಿ ಮಾತ್ರ ನಿಜ. ತಿಂಗಳು ತುಂಬಿ ಹುಟ್ಟಿದ ಹುಡುಗಿ ಈಗ ನನಗೇ ಬುದ್ಧಿ ಹೇಳುತ್ತಾಳೆ, ಅದೂ ನಿಜ.

ಗೆಳೆಯನ ಮೆಸೇಜು ನೋಡಿ ಗುಬ್ಬಿಗೆ ಹೋದೆ. ಮಂಚದ ಸುತ್ತ ನೆಂಟರು. ಮರ್ಯಾದೆಗೆಂದು ಗೆಳೆಯ ಹಲ್ಲುಕಚ್ಚಿ ನೆಟ್ಟಗೆ ಕೂತಿದ್ದ. "ಎಲ್ಲರೂ ಏಳಿ, ಹೋಟೆಲಲ್ಲಿ ಕಾಫಿ ಕುಡಿಯೋಣ" ಎಂದೆ. ಅವನ ಚಿಕ್ಕಪ್ಪ ನನ್ನನ್ನು ಮೇಲಿನಿಂದ ಕೆಳಗೆ ಅಳೆದರು. "ಯಾವನ್ಲಾ ಇವ್ನು, ಬಂದೋರ್ನ ಎಬ್ಬುಸ್ತಾನೆ!"

ಗೊಣಗುತ್ತಲೇ ಎದ್ದರು. ಹೊರಗೆ ಚಪ್ಪಲಿ ಮೆಟ್ಟುತ್ತಿರುವಾಗ ಒಳಗೆ ಮಂಚ ಕಿರುಗುಟ್ಟಿತು, ಆಮೇಲೆ ಒಂದು ಉದ್ದನೆಯ ಉಸಿರು ಕೇಳಿಸಿತು.