ಏಳು ಗಂಟೆಗೆ ತೆರೆದ ಶಾಲೆ

ನಂಬಲ್ವಾ? ಸರ್ಕಾರಿ ಶಾಲೆಗೆ ಸ್ವಾತಂತ್ರ್ಯ ಕೊಟ್ರೆ ಕೆಟ್ಟೋಗುತ್ತೆ ಅಂತೀಯಲ್ಲ, ಉತ್ತರಹಳ್ಳಿ ಕಡೆಯ ಹೆಡ್‌ಮಿಸ್ ಪುಟ್ಟಗೌರಮ್ಮನವರ ಕತೆ ಕೇಳು ಮಾರಾಯ. ಶಾಲೇಲಿ ಹನ್ನೊಂದೇ ಮಕ್ಕಳು ಉಳಿದಿದ್ರು, ಇನ್ನೇನು ಮುಚ್ಚೋದ್ರಲ್ಲಿತ್ತು. ತಾಯಂದಿರು ಏಳಕ್ಕೇ ಅಪಾರ್ಟ್‌ಮೆಂಟ್ ಮನೆಕೆಲಸಕ್ಕೆ ಹೋಗೋರು, ಶಾಲೆ ತೆಗೀತಿದ್ದದ್ದು ಒಂಬತ್ತೂವರೆಗೆ. ದೊಡ್ಡ ಮಕ್ಕಳು ಚಿಕ್ಕವರನ್ನ ನೋಡ್ಕೊಂಡು ಮನೇಲೇ ಉಳ್ಕೊಳ್ಳೋರು. ಗೌರಮ್ಮ ಏಳಕ್ಕೇ ಗೇಟು ತೆಗೆದ್ರು, ಚಿಕ್ಕವರನ್ನೂ ಕರ್ಕೊಂಬನ್ನಿ ಅಂದ್ರು. ಅಡ್ಮಿಷನ್ ಸಾಲು ಬನಶಂಕರಿ ತನಕ ಬೆಳೀತು; ನಡುವೆ ಎರಡು ಬಸ್ಸೂ ಸೀಟು ಕೇಳ್ಕೊಂಡು ನಿಂತಿದ್ವು, ಆಣೆಗೂ!

ಶಿಕ್ಷಣ ಇಲಾಖೆ ಆಫೀಸರ್ ಶಾಲೆ ಮುಚ್ಚೋ ಆರ್ಡರ್ ಹಿಡ್ಕೊಂಡು ಬಂದು, "ಯಾರನ್ನ ಕೇಳಿ ಟೈಮ್ ಬದಲಾಯಿಸಿದ್ರಿ?" ಅಂದ್ರು.

"ತಾಯಂದಿರನ್ನ ಕೇಳಿ, ಸಾರ್."

ಆಫೀಸರ್ ಮಕ್ಕಳನ್ನ ಎಣಿಸಿದ್ರು, ತೊಂಬತ್ನಾಲ್ಕು. ಆರ್ಡರ್ ವಾಪಸ್ ಬ್ಯಾಗಿಗೆ ಹೋಯ್ತು. ಅದಕ್ಕೇ ಹೇಳೋದು, ಶಾಲೆ ಹೇಗೆ ನಡೀಬೇಕು ಅನ್ನೋದನ್ನ ಶಾಲೆಗೇ ಬಿಡಿ, ಯಾವ ಶಾಲೆ ಬೇಕು ಅನ್ನೋದನ್ನ ತಾಯಂದಿರಿಗೆ ಬಿಡಿ, ಆಮೇಲೆ ನೋಡು...

"ರೀ, ಮುದ್ದೆ ಆರೋಗ್ತಿದೆ, ಬನ್ನಿ!"

ಬಂದೆ ಕಣೇ.