ಲೇಸರಿಗೆ ಮುಂಚೆ ಉಜ್ಜಿದ ಇದ್ದಿಲು

ಮಕ್ಕಳೇ, ಮದುವೆಯ ಫೋಟೊಗಳಲ್ಲಿ ನಿಮ್ಮಮ್ಮ ಒಂದರಲ್ಲೂ ಬಾಯಿ ಬಿಟ್ಟು ನಕ್ಕಿಲ್ಲ, ಯಾಕೆ ಎಂದು ಕೇಳಿದಿರಿ. ಎದುರು ಕೂತು ಹೇಳಲು ನಿಮ್ಮ ಈ ಅಜ್ಜಿಯಿಂದಾಗದು. ಬರೆಯುತ್ತೇನೆ.

ನಿಮ್ಮ ತಾತ ಕೊರೆಸಿದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇತ್ತು. ಆಗ ಅದು ಯಾರಿಗೆ ಗೊತ್ತಿತ್ತು? ಅದೇ ನೀರು ಕುಡಿದು ಬೆಳೆದ ನಿಮ್ಮಮ್ಮನ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆಗಳು ಬಂದವು. ಮಾತಾಡುವಾಗಲೆಲ್ಲ ಅವಳ ಅಂಗೈ ಬಾಯಿಗೆ ಅಡ್ಡ ಬರುತ್ತಿತ್ತು.

ತಾತ ತೀರಿಕೊಂಡ ಮರುವರ್ಷ ಅವಳಿಗೆ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಿಂದ ರಿಸೆಪ್ಶನ್ ಕೆಲಸದ ಇಂಟರ್‌ವ್ಯೂಗೆ ಕರೆ ಬಂತು. ಬಂದವರನ್ನು ನಗುತ್ತಾ ಮಾತಾಡಿಸುವ ಕೆಲಸ. ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಹೊಲಿಯುತ್ತಾ ಬಟ್ಟೆಯ ಧೂಳಿಗೆ ಕೆಮ್ಮಿ ಕೆಮ್ಮಿ ಸೋತಿದ್ದವಳಿಗೆ ಅದೊಂದೇ ದಾರಿ ಕಾಣುತ್ತಿತ್ತು. ಅವಳೊಬ್ಬಳೇ ಹೋಗಿ ಕೇಳಿದಾಗ ಚಂದಾಪುರದ ಹಲ್ಲಿನ ಡಾಕ್ಟರಮ್ಮ, "ಹಲ್ಲಿಗೆ ಜೆಲ್ ಹಚ್ಚಿ ಲೇಸರ್ ಬೆಳಕು ಬಿಡ್ತೀವಿ. ಪೂರ್ತಿ ಹೋಗಲ್ಲ, ಆದ್ರೆ ಬಣ್ಣ ತಿಳಿಯಾಗುತ್ತೆ," ಎಂದಿದ್ದರು. ಇಂಟರ್‌ವ್ಯೂಗೆ ಎರಡು ದಿನ ಮುಂಚೆ ಬರಲು ಹೇಳಿದರು.

ಆ ಬೆಳಿಗ್ಗೆ ನನಗೆ ನಾಚಿಕೆ ಹಿಡಿಯಿತು. ನೆಂಟರು ಬರುತ್ತಾರೆಂದರೆ ಎರಡು ಸಲ ಅಂಗಳ ಗುಡಿಸುವವಳು ನಾನು. ಆ ಹಲ್ಲನ್ನು ಹಾಗೆಯೇ ಡಾಕ್ಟರ ಮುಂದೆ ಹೇಗೆ ತೋರಿಸಲಿ? ಒಲೆಯ ಇದ್ದಿಲು ಕುಟ್ಟಿ, ಕಲ್ಲುಪ್ಪು ಬೆರೆಸಿ, ಅವಳನ್ನು ಬಚ್ಚಲಲ್ಲಿ ಕೂರಿಸಿ ನಾನೇ ಉಜ್ಜಿದೆ.

"ಅಮ್ಮ, ಬುಡು, ಉರೀತೈತೆ! ನಾನೇನು ತಳ ಸೀದ ಪಾತ್ರೆನಾ?"

"ಇಂಗೇ ಕರ್ಕೊಂಡೋದ್ರೆ ನನ್ನ ಏನಂದ್ಕೊಂತಾರೆ? ಬಾಯಿ ತೆಗಿ."

ಕ್ಲಿನಿಕ್ಕಿನಲ್ಲಿ ಅವಳನ್ನು ಕುರ್ಚಿಗೆ ಒರಗಿಸಿ, ಬೆಳಕು ತಾಗದಿರಲೆಂದು ಕಣ್ಣಿಗೆ ಬಣ್ಣದ ಕನ್ನಡಕ ಹಾಕಿದರು. ಬಾಯಿ ನೋಡಿದ ಡಾಕ್ಟರಮ್ಮನ ಕೈ ನಿಂತಿತು.

"ಒಸಡೆಲ್ಲ ಗಾಯ ಆಗಿದ್ಯಲ್ಲಮ್ಮ! ಇದಕ್ಕೆ ಜೆಲ್ ತಾಗಿದ್ರೆ ಸುಟ್ಟೋಗುತ್ತೆ. ಹದಿನೈದು ದಿನ ಬಿಟ್ಟು ಬನ್ನಿ."

"ನಾಡಿದ್ದೇ ಇಂಟರ್‌ವ್ಯೂ ಮೇಡಂ. ಉರಿದ್ರೂ ತಡ್ಕೊಂತೀನಿ, ಮಾಡ್ಬುಡಿ." ಕನ್ನಡಕದ ಅಡಿಯಿಂದ ಕಣ್ಣೀರು ಕಿವಿಯವರೆಗೆ ಇಳಿಯಿತು.

"ಆಗಲ್ಲಮ್ಮ. ಹಿಂಗೆ ಉಜ್ಜೋಕೆ ಯಾರ್ ಹೇಳಿದ್ದು?"

ನಾನು ಗೋಡೆಗೆ ಒತ್ತಿಕೊಂಡು ನಿಂತಿದ್ದೆ. ಉಗುರಿನ ಸಂದಿಯಲ್ಲಿ ಇನ್ನೂ ಮಸಿಯಿತ್ತು. ಕೈಯನ್ನು ಸೆರಗಿನೊಳಗೆ ಸೇರಿಸಿದೆ.

"ಯಾರೂ ಇಲ್ಲ ಮೇಡಂ, ನಾನೇ ಉಜ್ಕೊಂಡೆ," ಎಂದಳು ನಿಮ್ಮಮ್ಮ.

ಊದಿದ ತುಟಿಗೆ ಕರ್ಚೀಫ್ ಒತ್ತಿಕೊಂಡೇ ಅವಳು ಇಂಟರ್‌ವ್ಯೂಗೆ ಹೋದಳು. ಫೋನ್ ಮಾಡುತ್ತೇವೆ ಎಂದರಂತೆ. ಎಷ್ಟೋ ದಿನ ತನ್ನ ಫೋನನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದಳು. ಕರೆ ಬರಲಿಲ್ಲ. ಗಾಯ ಮಾಗಿದ ಮೇಲೆ ನಾನು, "ಈಗ ಓಗಣ ಬಾರೆ," ಎಂದೆ.

"ಇನ್ನು ಯಾರಿಗೆ ತೋರ್ಸೋಕಮ್ಮ?" ಎಂದು ಊಟದ ಡಬ್ಬಿ ಎತ್ತಿಕೊಂಡು ಗಾರ್ಮೆಂಟ್ಸಿಗೇ ಹೊರಟಳು. ಆಮೇಲೆ ಮದುವೆಯಾದಾಗಲೂ ಫೋಟೊದವನ ಮುಂದೆ ತುಟಿ ಬಿಚ್ಚಲಿಲ್ಲ. ಇವತ್ತಿಗೂ ಅಲ್ಲೇ ಕೆಲಸದಲ್ಲಿದ್ದಾಳೆ, ಆ ಕೆಮ್ಮೂ ಇದೆ.

ಅವಳು ನನ್ನನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ತಪ್ಪಾಯಿತು ಕಣೇ ಎನ್ನಲು ನನಗೂ ಒಂದು ಆಸರೆ ಸಿಗುತ್ತಿತ್ತೇನೋ. ನೀವು ಓದಿಯಾದ ಮೇಲೆ ಈ ಹಾಳೆಯನ್ನು ಅಮ್ಮನ ಕೈಗೆ ಕೊಡಿ. ನಾನು ಅಡುಗೆಮನೆಯಲ್ಲಿರುತ್ತೇನೆ.