ಹೊಳಲ್ಕೆರೆಯಲ್ಲಿ ನಾನು ಹುಟ್ಟಿಸಿದ ಗೆಳೆಯ

ಒಬ್ಬನ ಹೊಟ್ಟೆ ಉರಿಸಬೇಕೆಂದು ನಾನು ಹೊಳಲ್ಕೆರೆಯಲ್ಲಿ ಇನ್ನೊಬ್ಬನನ್ನು ಹುಟ್ಟಿಸಿದೆ. ಅವನಿಗೆ ಅಪ್ಪ ಅಮ್ಮ ಇರಲಿಲ್ಲ, ಮನೆ ಇರಲಿಲ್ಲ, ಮುಖವೂ ಇರಲಿಲ್ಲ. ಮುಖದ ಜಾಗದಲ್ಲಿ ಒಂದು ಹುಲಿಯ ಫೋಟೋ ಹಾಕಿದ್ದೆ. ಇದ್ದದ್ದು ಒಂದೇ, ನನ್ನ ಮೇಲೆ ಅಪಾರ ಪ್ರೀತಿ. ದಡ್ಡತನಕ್ಕೆ ಜಿಲ್ಲಾ ಮಟ್ಟದ ಸ್ಪರ್ಧೆ ಇಟ್ಟಿದ್ದರೆ ಆ ವರ್ಷದ ಕಪ್ಪು ನಮ್ಮ ಮನೆಯ ಶೋಕೇಸಿನಲ್ಲಿರುತ್ತಿತ್ತು.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷ ಕಳೆದಿದ್ದ ಕಾಲ. ನಾನು ಚಿತ್ರದುರ್ಗದಲ್ಲಿ ಡಿಗ್ರಿ ಓದುತ್ತಿದ್ದೆ, ಅಂದರೆ ಕಾಲೇಜಿಗೆ ಹೋಗಿ ಬರುತ್ತಿದ್ದೆ. ಒಂದನೇ ಕ್ಲಾಸಿನಿಂದ ಪಿಯುಸಿವರೆಗೆ ನನ್ನ ಪಕ್ಕದಲ್ಲೇ ಕೂತಿದ್ದ ಗೆಳೆಯ, ಅಪ್ಪನಿಗೆ ವರ್ಗವಾಯಿತೆಂದು ಹೊಸದುರ್ಗಕ್ಕೆ ಹೋಗಿ ಅಲ್ಲಿನ ಕಾಲೇಜು ಸೇರಿದ್ದ. ಹೋಗುವ ದಿನ, "ಇಂಟರ್ನೆಟ್ಟಿನಾಗೆ ಸಿಗಾಣ ಬಿಡಲೇ, ದಿನಾ ಸಿಗಾಣ" ಅಂದಿದ್ದ.

ಆಗ ಹುಡುಗರೆಲ್ಲ ಒಂದೇ ಸೈಟಿಗೆ ಮುಗಿಬಿದ್ದಿದ್ದರು. ಅದರಲ್ಲಿ ಪ್ರತಿಯೊಬ್ಬನಿಗೂ ಒಂದು ಪುಟ. ನಾನು ಅವನಿಗೆ ಹೇಳಬೇಕಾದ್ದನ್ನು ಅವನ ಪುಟದಲ್ಲಿ ಬರೆಯಬೇಕು, ಅವನು ನನಗೆ ಹೇಳಬೇಕಾದ್ದನ್ನು ನನ್ನ ಪುಟದಲ್ಲಿ. ಅದಕ್ಕೆ ಸ್ಕ್ರಾಪ್ ಅಂತ ಹೆಸರು. ಯಾರು ಯಾರಿಗೆ ಏನು ಬರೆದರೂ ಊರೆಲ್ಲ ಓದಬಹುದು. ಹೊಟ್ಟೆಕಿಚ್ಚಿನವರಿಗೆ ಇಂಥ ಅನುಕೂಲವನ್ನು ಯಾವ ಸರ್ಕಾರವೂ ಮಾಡಿಕೊಟ್ಟಿರಲಿಲ್ಲ.

ಸೈಬರ್ ಕೆಫೆಯ ಪ್ಲೈವುಡ್ ಗೂಡಿನಲ್ಲಿ ಕೂತ ತಕ್ಷಣ ನಾನು ನೇರ ಅವನ ಪುಟಕ್ಕೆ ಹೋಗುತ್ತಿದ್ದೆ. ಏನೂ ಬರೆಯುತ್ತಿರಲಿಲ್ಲ, ಮೊದಲು ಅವನೇ ಬರೆಯಲಿ ಅನ್ನುವ ಬಿಗುಮಾನ. ನನ್ನ ಪುಟವನ್ನಂತೂ ತೆರೆಯುತ್ತಲೇ ಇರಲಿಲ್ಲ. ಅಲ್ಲಿ ಮಿಣಮಿಣ ಮಿನುಗುವ ಗುಲಾಬಿ ಹೂಗಳು, ಇದನ್ನು ಇಪ್ಪತ್ತು ಜನಕ್ಕೆ ಕಳಿಸದಿದ್ದರೆ ಪರೀಕ್ಷೆಯಲ್ಲಿ ಫೇಲಾಗುತ್ತೀಯ ಅನ್ನುವ ಶಾಪಗಳು, ಇವೇ ತುಂಬಿರುತ್ತಿದ್ದವು. ಶಾಪದ ಸಹಾಯವಿಲ್ಲದೆ ಫೇಲಾಗುವ ಶಕ್ತಿ ನನಗೇ ಇತ್ತು.

ಗೆಳೆಯನ ಪುಟದಲ್ಲಿ ಮಾತ್ರ ದಿನವೂ ಒಬ್ಬನೇ ಬರೆಯುತ್ತಿದ್ದ. ಹೊಳಲ್ಕೆರೆಯಿಂದ ಬಸ್ಸಿನಲ್ಲಿ ಹೊಸದುರ್ಗಕ್ಕೆ ಬಂದು ಹೋಗುವ ಅವನ ಹೊಸ ಕ್ಲಾಸ್‌ಮೇಟು. ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ, "ಮಚ್ಚಾ, ಇವತ್ತಿನ ಮಂಡಕ್ಕಿ ಮೆಣಸಿನಕಾಯಿ ಸೂಪರ್ ಅಲ್ವಾ", "ಮಚ್ಚಾ, ನಾಳೆ ನಂಗೆ ಸೀಟು ಹಿಡ್ಕಂಡಿರು." ಓದಿ ಓದಿ ನನಗೆ ಎದೆ ಉರಿ. ಆ ಗೆಳೆಯನಿಗೆ ಮೆಣಸಿನಕಾಯಿ ಬಜ್ಜಿ ತಿನ್ನುವುದನ್ನು ಕಲಿಸಿದವನು ನಾನು! ಖಾರ ಹತ್ತಿ ಅವನ ಕಣ್ಣಲ್ಲಿ ನೀರು ಬಂದಾಗ ನನ್ನ ಪಾಲಿನ ಟೀ ಕೊಟ್ಟವನು ನಾನು! ಈಗ ಬಜ್ಜಿ ನನ್ನದು, ಮಚ್ಚಾ ಇನ್ನೊಬ್ಬನದು.

ಒಂದು ಸೋಮವಾರ ಅವನ ಪುಟದಲ್ಲಿ ಒಂದು ಫೋಟೋ ಕಂಡಿತು. ಚಂದ್ರವಳ್ಳಿ. ಕ್ಲಾಸು ತಪ್ಪಿಸಿ ನಾವಿಬ್ಬರು ಕೂರುತ್ತಿದ್ದ, ಕೆರೆ ಕಾಣುವ ಬಂಡೆ. ಅದರ ಮೇಲೆ ನಾನು ಕೂರುವ ಜಾಗದಲ್ಲಿ ಹೊಳಲ್ಕೆರೆಯವನು ಕಾಲು ಇಳಿಬಿಟ್ಟು ಹಲ್ಲು ಕಿರಿಯುತ್ತಿದ್ದ. ಹಿಂದಿನ ದಿನ ನನ್ನ ಗೆಳೆಯ ಚಿತ್ರದುರ್ಗಕ್ಕೆ ಬಂದು ಹೋಗಿದ್ದಾನೆ, ನನಗೆ ಒಂದು ಮಾತು ಹೇಳಿಲ್ಲ! ನಾನು ಮೌಸನ್ನು ಟೇಬಲ್ಲಿಗೆ ಕುಕ್ಕಿದ ಸದ್ದಿಗೆ ಕೆಫೆಯವನು ಅಲ್ಲಿಂದಲೇ ಕೂಗಿದ.

"ಏನಪ್ಪ, ಕಂಪ್ಯೂಟರ್ ನೋಡಕ್ಕೆ ಬಂದಿದೀಯೋ ಒಡಿಯಕ್ಕೆ ಬಂದಿದೀಯೋ?"

ಹುಲಿ ಹುಟ್ಟಿದ್ದು ಆ ಹೊತ್ತಿನಲ್ಲಿ. ನೀನು ಹೊಳಲ್ಕೆರೆಯಲ್ಲಿ ಒಬ್ಬನನ್ನು ಹುಡುಕಿಕೊಂಡರೆ ನಾನೂ ಅಲ್ಲಿಯೇ ಒಬ್ಬನನ್ನು ಹುಡುಕಿಕೊಳ್ಳುತ್ತೇನೆ ಅನ್ನುವ ಛಲ. ಹುಲಿಯ ಫೋಟೋ ಅಂಟಿಸಿ, ಊರು ಹೊಳಲ್ಕೆರೆ ಅಂತ ಹಾಕಿ ಒಂದು ಸುಳ್ಳು ಪುಟ ತೆರೆದೆ. ಆ ಸೈಟಿನಲ್ಲಿ ಗೆಳೆಯನ ಗುಣಗಾನ ಬರೆದು ಅವನ ಪುಟದಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕುವ ವ್ಯವಸ್ಥೆಯೂ ಇತ್ತು. ಹುಲಿಯಾಗಿ ನನ್ನ ಬಗ್ಗೆ ಬರೆದೆ: "ಇವನಂಥ ಗೆಳೆಯ ಏಳು ಜನ್ಮಕ್ಕೂ ಸಿಗಲ್ಲ. ಪ್ರತಿ ಭಾನುವಾರ ಇಬ್ಬರೂ ಜೋಗಿಮಟ್ಟಿ ಬೆಟ್ಟ ಹತ್ತುತ್ತೇವೆ. ಇವನ ಹಳೇ ಫ್ರೆಂಡ್ಸಿಗೆ ಇವನ ಬೆಲೆ ಗೊತ್ತಾಗಲಿಲ್ಲ." ಆಮೇಲೆ ಹುಲಿಯಿಂದ ಹೊರಬಂದು, ನಾನಾಗಿ ಒಳಹೋಗಿ ಓದಿದೆ. ಗುಣಗಾನಕ್ಕೆ ಒಪ್ಪಿಗೆ ಕೇಳುವುದು ಬಾಗಿಲಲ್ಲೇ, ಸ್ಕ್ರಾಪುಗಳ ತನಕ ಹೋಗಬೇಕಿರಲಿಲ್ಲ. ಒಪ್ಪಿಗೆ ಒತ್ತುವಾಗ ನಿಜವಾಗಿಯೂ ನಾಚಿಕೆಯಾಯಿತು. ಅಷ್ಟೆಲ್ಲ ಏನಿಲ್ಲ ಬಿಡು ಅಂದುಕೊಂಡೆ.

ಗೆಳೆಯ ಉರಿದುಕೊಂಡು ಬರುತ್ತಾನೆಂದು ಕಾದೆ. ಬದಲಿಗೆ ಹೊಳಲ್ಕೆರೆಯವನು ಹುಲಿಯ ಪುಟಕ್ಕೆ ಬಂದ.

"ನಮಸ್ಕಾರ. ನೀವು ನಮ್ಮೂರೋರಂತೆ. ಯಾರ ಮನೇರು?"

ಇದೊಂದನ್ನು ನಾನು ಯೋಚಿಸಿರಲಿಲ್ಲ. ನಮ್ಮ ಕಡೆ ಹೆಸರು ಆಮೇಲೆ, ಯಾರ ಮನೆಯವನು ಅನ್ನುವುದು ಮೊದಲು. ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಗೆಳೆಯನ ಮನೆಯ ಸಾಮಾನಿನ ಜೊತೆ ಹೊಸದುರ್ಗಕ್ಕೆ ಹೋಗುವಾಗ ಹೊಳಲ್ಕೆರೆಯಲ್ಲಿ ಒಂದು ಹಿಟ್ಟಿನ ಗಿರಣಿ ಕಂಡಿದ್ದೆ. ಆ ಊರಿನ ಬಗ್ಗೆ ನನಗಿದ್ದ ಒಟ್ಟು ಜ್ಞಾನ ಅದು. "ಗಿರಣಿ ಪಕ್ಕದ ಮನೆ" ಅಂತ ಬರೆದೆ.

"ಗಿರಣಿ ನಮ್ಮ ದೊಡ್ಡಪ್ಪಂದು. ಪಕ್ಕದಾಗೆ ಇರೋದು ನಮ್ಮನೆ ಒಂದೇ."

"ಅಲ್ಲಲ್ಲ, ಗಿರಣಿ ಹಿಂದಿನ ಮನೆ."

"ಹಿಂದೆ ಸುಡುಗಾಡು ಐತಲ್ರಿ. ಅಲ್ಲಿಗೂ ಇಂಟರ್ನೆಟ್ ಬಂತಾ?"

ಹುಲಿ ಬಾಲ ಮುದುರಿಕೊಂಡು ಓಡಿತು. ವಾರದ ಮೇಲೆ, ಬಯ್ದಿದ್ದಾನೋ ಏನೋ ನೋಡೋಣವೆಂದು ಹೆದರುತ್ತ ಹುಲಿಯ ಪುಟ ತೆರೆದೆ. ಹೊಳಲ್ಕೆರೆಯವನ ಉದ್ದನೆಯ ಸ್ಕ್ರಾಪ್ ಕಾದಿತ್ತು.

"ಹುಲಿಯಪ್ಪಾ, ನಿಂಗಿರೋ ಫ್ರೆಂಡು ಒಬ್ಬನೇ, ದುರ್ಗದೋನು. ಅವನು ಸಿಕ್ಕಿದ್ರೆ ಒಂದು ಮಾತು ಹೇಳು. ಚಂದ್ರವಳ್ಳಿ ಫೋಟೋ ತೆಗೆದ ಭಾನುವಾರ ನಾವಿಬ್ರೂ ಮೊದಲು ಹೋಗಿದ್ದು ಅವನ ಮನೆಗೇ. ಬೀಗ ಹಾಕಿತ್ತು. ಬರ್ತೀವಿ ಅಂತ ಅವನ ಪುಟದಾಗೆ ಮುಂಚೇನೇ ಬರೆದಿದ್ದ ನಮ್ಮ ಮಚ್ಚ. ಜಗಲಿ ಮೇಲೆ ಕುಂತು ಕುಂತು ನನ್ನ ಕಾಲು ಜೋಮು ಹಿಡೀತು. ಏಳಾಣ ಅಂದ್ರೆ ಏಳಲ್ಲ ಇವನು. ಆಮೇಲೆ ಚಂದ್ರವಳ್ಳಿಗೆ ಕರ್ಕಂಡು ಹೋದ. ಅಲ್ಲೂ ಬರೀ ನಿಂದೇ ಮಾತು. ಅಯ್ಯೋ, ಅವಂದೇ ಮಾತು."

ಹುಲಿಯನ್ನು ಬಿಟ್ಟು ನನ್ನ ಪುಟಕ್ಕೆ ಓಡಿದೆ. ಗುಲಾಬಿಗಳನ್ನೆಲ್ಲ ಸರಿಸುತ್ತ ಕೆಳಗೆ ಕೆಳಗೆ ಹೋದರೆ ಅಲ್ಲಿ ಗೆಳೆಯನಿದ್ದ. ಒಂದೆರಡು ದಿನವಲ್ಲ, ತಿಂಗಳುಗಟ್ಟಲೆ ಬರೆದಿದ್ದ. ಹೊಸದುರ್ಗದ ಮೇಷ್ಟ್ರ ಬಗ್ಗೆ, ಹಾಸ್ಟೆಲ್ ಹುಡುಗರ ಬಗ್ಗೆ, ಇಲ್ಲಿಯ ಬಜ್ಜಿ ನಮ್ಮೂರಿನ ಬಜ್ಜಿಯ ಕಾಲ ಧೂಳಿಗೂ ಸಮವಲ್ಲ ಅಂತ. ಆಮೇಲೆ, "ಲೇ, ಈ ಭಾನುವಾರ ಬರ್ತಿದೀವಿ. ಮನೇಲೇ ಇರು. ಅಮ್ಮಂಗೆ ಹೇಳು, ಊಟ ಅಲ್ಲೇ." ಆ ಭಾನುವಾರ ನಾವೆಲ್ಲ ಹಿರಿಯೂರಿನ ಚಿಕ್ಕಮ್ಮನ ಮನೆಯ ನಾಮಕರಣಕ್ಕೆ ಹೋಗಿದ್ದೆವು. ಅವನು ನಮ್ಮ ಜಗಲಿಯಲ್ಲಿ ಹಸಿದು ಕೂತಿದ್ದಾಗ ನಾನು ಅಲ್ಲಿ ಹೋಳಿಗೆಗೆ ತುಪ್ಪ ಸಾಲದೆಂದು ತಕರಾರು ಮಾಡುತ್ತಿದ್ದೆ.

ಅವನು ಬರೆದವುಗಳಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು, ಅಂದರೆ ಕಡೆಯದು, ಇದು: "ದಿನಾ ನನ್ನ ಪುಟ ನೋಡಿ ಹೋಗ್ತೀಯ. ಯಾರು ಬಂದು ನೋಡಿದ್ರು ಅಂತ ಇಲ್ಲಿ ತೋರಿಸುತ್ತೆ. ನಿಂಗೆ ನನ್ನ ಜೊತೆ ಮಾತು ಬೇಡ ಅಂದ್ರೆ ಹೇಳಿಬಿಡು. ಇನ್ಮೇಲೆ ಬರೆಯಲ್ಲ."

ಅವನನ್ನು ಯಾರೋ ಕಿತ್ತುಕೊಂಡರೆಂದು ನಾನು ಉರಿಯುತ್ತ ಕೂತಿದ್ದೆ. ಕಳೆದುಕೊಳ್ಳುವ ಕೆಲಸವನ್ನು ಯಾರ ಸಹಾಯವೂ ಇಲ್ಲದೆ ನಾನೇ ಮುಗಿಸುತ್ತಾ ಬಂದಿದ್ದೆ. ಅವನ ಪುಟದಲ್ಲಿ ಮೊದಲ ಸಲ ಬರೆದೆ: "ಈ ಭಾನುವಾರ ನಾನು ಬರ್ತೀನಿ. ನೀನು ಮಾತಾಡದಿದ್ರೂ ಬರ್ತೀನಿ." ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಹೊರಟೆ.

ಬಸ್ಸು ಹೊಳಲ್ಕೆರೆ ದಾಟುವಾಗ, ಗಿರಣಿಯ ದೊಡ್ಡಪ್ಪ ಗುರುತು ಹಿಡಿದಾರೆಂದು ತಲೆ ತಗ್ಗಿಸಿ ಕೂತೆ. ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರೂ ನಿಂತಿದ್ದರು. ಗೆಳೆಯನ ಮುಖ ಗಂಟು. ಏನಾದರೂ ತಮಾಷೆ ಮಾಡಿ ತಪ್ಪಿಸಿಕೊಳ್ಳೋಣವೆಂದು ಬಾಯಿ ತೆರೆದೆ, ಅವನು ಬಿಡಲಿಲ್ಲ.

"ಲೇ ಕೋತಿ, ಏಳು ಜನ್ಮ ಅಂತೆ ಏಳು ಜನ್ಮ! ಈ ಜನ್ಮದಾಗೆ ಒಂದು ಉತ್ತರ ಬರಿಯಕ್ಕಾಗ್ಲಿಲ್ಲ ನಿಂಗೆ. ಪ್ರತಿ ಭಾನುವಾರ ಜೋಗಿಮಟ್ಟಿ ಹತ್ತುತ್ತಾನಂತೆ, ಮನೆ ಮೆಟ್ಲು ಹತ್ತಿದ್ರೆ ಏದುಸಿರು ಬಿಡೋ ನನ್ಮಗ! ಕಣ್ಣಿಲ್ವಾ? ನಿನ್ನ ಪುಟ ನೀನು ನೋಡ್ಕಳಕ್ಕೆ ಏನಾಗಿತ್ತು ದಾಡಿ?"

ಕಡ್ಲೆಕಾಯಿ ಮಾರುವ ಅಜ್ಜಿ ಬುಟ್ಟಿ ಬಿಟ್ಟು ನಮ್ಮ ಕಡೆ ತಿರುಗಿ ಕೂತಳು. ಕಂಡಕ್ಟರ್ ಸೀಟಿ ಊದುವುದನ್ನು ಮರೆತ. ಬಯ್ದು ಬಯ್ದು ಗಂಟಲು ಒಣಗಿದ ಮೇಲೆ ಗೆಳೆಯ, "ಟೀ ಹೇಳ್ತೀನಿ, ಇಲ್ಲೇ ಸಾಯಿ" ಅಂತ ಹೋಟೆಲ್ ಕಡೆ ಹೋದ. ನಾನು ಒದ್ದೆ ಬೆಕ್ಕಿನಂತೆ ನಿಂತಿದ್ದೆ. ಹೊಳಲ್ಕೆರೆಯವನು ಮೆಲ್ಲಗೆ ಹತ್ತಿರ ಬಂದ. ಹುಲಿಯ ಬಗ್ಗೆ ಕೇಳುತ್ತಾನೆ ಅಂದುಕೊಂಡೆ. ಕೇಳಲಿಲ್ಲ. ಹೋಟೆಲಿನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದ:

"ಒಂದು ವರ್ಷದಿಂದ ಪಕ್ಕದಾಗೆ ಕುಂತಿದೀನಿ ಕಣಪ್ಪ. ನಾನು ಏನೇ ಮಾಡಿದ್ರೂ ಪರವಾಗಿಲ್ಲ ಬಿಡು ಅಂತಾನೆ. ಹಿಂಗೆ ಒಂದು ಸಲನೂ ಬೈದಿಲ್ಲ. ನೀನು ಇಳಿದ ತಕ್ಷಣ ಶುರು ಮಾಡಿದ್ನಲ್ಲ, ನೋಡಿ ನಂಗೆ ಎಷ್ಟು ಹೊಟ್ಟೆ ಉರೀತು ಗೊತ್ತಾ?"